ಬಾವಿಗೆ ಬಾರದ ಕೊಡ

ಬಯಲುಸೀಮೆಯ ಒಂದು ಊರು. ಅಲ್ಲಿ ಎಲ್ಲಿ ಬೋರು ಕೊರೆದರೂ ಗಡಸು ನೀರು. ಸೋಪು ನೊರೆಯಾಗದು, ಬೇಳೆ ಬೇಯದು, ತೊಳೆದಿಟ್ಟ ಪಾತ್ರೆಯ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ಒಂದು ಬೀದಿಯಲ್ಲಿ ಮಾತ್ರ ಚೌಡಮ್ಮ ಎಂಬುವರ ಅಂಗಳದ ಸೇದುವ ಬಾವಿಯಲ್ಲಿ ಸಿಹಿನೀರಿತ್ತು. ಬೀದಿಯವರೆಲ್ಲ ಬೆಳಿಗ್ಗೆ ಅಡುಗೆಗೆಂದು ಅಲ್ಲಿಂದ ಒಂದೊಂದು ಕೊಡ ಒಯ್ಯುತ್ತಿದ್ದರು.

ಆ ಬಾವಿಯ ಪಕ್ಕದ ನಿವೇಶನದಲ್ಲಿ ಅಂಬುಜಾಕ್ಷಿ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಹೊಸ ಮನೆ ಕಟ್ಟಿಸಿದರು. ಒಂಟಿ ಜೀವ. ಯಾರ ಹಂಗಿಗೂ ಬೀಳದೆ ಬದುಕಿದ್ದೇ ಅವರ ಹೆಮ್ಮೆ. ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಮಾರುವವನು ಬಂದು ಎರಡು ಬಗೆಯನ್ನು ತೋರಿಸಿದ. ಚಿಕ್ಕದು ಬಚ್ಚಲಿಗೆ ಮಾತ್ರ. ದೊಡ್ಡದು ಅಡುಗೆಮನೆಯೂ ಸೇರಿ ಇಡೀ ಮನೆಗೆ. ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸಿದ. ಒಬ್ಬಳೇ ಎಂದರು. ಹಾಗಾದರೆ ಚಿಕ್ಕದೇ ಸಾಕು, ಅಡುಗೆಗೆ ಹೇಗೂ ಪಕ್ಕದಲ್ಲೇ ಬಾವಿಯಿದೆ ಎಂದ.

"ಕೊಡ ಹಿಡಿದು ಇನ್ನೊಬ್ಬರ ಅಂಗಳದಲ್ಲಿ ನಿಲ್ಲುವ ಅಭ್ಯಾಸ ನನಗಿಲ್ಲ. ದೊಡ್ಡದನ್ನೇ ಹಾಕಿ."

ಗೃಹಪ್ರವೇಶದ ದಿನ ಚೌಡಮ್ಮ ಮಾವಿನೆಲೆ ಇಟ್ಟ ತುಂಬಿದ ಕೊಡ ತಂದರು. ಹೊಸ ಮನೆಯ ಮೊದಲ ಬೇಳೆ ಬಾವಿಯ ನೀರಿನಲ್ಲೇ ಬೇಯಬೇಕೆಂಬುದು ಆ ಬೀದಿಯ ಪದ್ಧತಿ. ಅಂಬುಜಾಕ್ಷಿ ಕುಂಕುಮ ಕೊಟ್ಟು, ನೀರು ನಮ್ಮಲ್ಲೇ ಇದೆ ಎಂದು ನಯವಾಗಿ ಹೇಳಿ ಕಳುಹಿಸಿದರು. ಚೌಡಮ್ಮ ಆ ನೀರನ್ನು ಗೇಟಿನ ಬಳಿಯ ಹೊಂಗೆ ಸಸಿಗೆ ಹೊಯ್ದು ಹೋದರು. ಮರುದಿನ ಬಾವಿಕಟ್ಟೆಯಲ್ಲಿ ಯಾರೋ, "ಟೀಚರಮ್ಮನ ಮನೆಗೆ ಗಂಗಮ್ಮ ಕರೆಂಟಲ್ಲಿ ಬರ್ತಾಳಂತೆ ಕಣ್ರೇ" ಎಂದರು. ನಗು ಗೋಡೆ ದಾಟಿ ಬಂತು.

ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಬೇಳೆ ಬೆಣ್ಣೆಯಂತೆ ಬೆಂದಿತು. ಹುಳಿ ಚೆನ್ನಾಗಿದೆ ಎನ್ನಲು ಎದುರಿಗೆ ಯಾರೂ ಇರಲಿಲ್ಲ.

ಚಳಿಗಾಲದಲ್ಲಿ ಅಂಬುಜಾಕ್ಷಿ ಜ್ವರದಿಂದ ಮಲಗಿದರು. ನೀರು ಕಾಯಿಸಿಕೊಳ್ಳಲೂ ಏಳಲಾಗಲಿಲ್ಲ. ಗೋಡೆಯಾಚೆ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು. ಒಂದು ಬೆಳಿಗ್ಗೆ ಚೌಡಮ್ಮನವರ ದನಿ ಕೇಳಿಸಿತು.

"ಮೂಲೆಮನೆ ಪುಟ್ಟನಂಜಿ ಕೊಡ ಇವತ್ತು ಬರಲೇ ಇಲ್ಲವಲ್ಲ. ಹುಷಾರಿಲ್ವೋ ಏನೋ, ನೋಡ್ಕೊಂಡು ಬರ್ತೀನಿ."

ಹೆಜ್ಜೆ ಅಂಬುಜಾಕ್ಷಿಯವರ ಗೇಟಿನ ಮುಂದೆಯೇ ಹಾದುಹೋಯಿತು. ನಿಲ್ಲಲಿಲ್ಲ, ನಿಲ್ಲಲು ಕಾರಣವೂ ಇರಲಿಲ್ಲ. ಎಂದೂ ಬಾರದ ಕೊಡ ಇಂದು ಬರಲಿಲ್ಲವೆಂದು ಯಾರಿಗೆ ತಿಳಿಯಬೇಕು?

ಜ್ವರ ತಾನಾಗಿಯೇ ಇಳಿಯಿತು. ಅಂಬುಜಾಕ್ಷಿ ಗೃಹಪ್ರವೇಶಕ್ಕೆಂದು ಕೊಂಡಿದ್ದ ಹಿತ್ತಾಳೆಯ ಕೊಡ ಹಿಡಿದು ಬಾವಿಗೆ ಹೋದರು. ಸಾಲಿನ ಕೊನೆಯಲ್ಲಿ ನಿಂತರು. ಹೆಂಗಸರೆಲ್ಲ ತಿರುಗಿ ನೋಡಿದರು.

"ಮಿಷನ್ ಕೆಟ್ಟೋಯ್ತಾ ಟೀಚರಮ್ಮ?" ಎಂದರು ಚೌಡಮ್ಮ.

"ಇಲ್ಲ, ಚೆನ್ನಾಗಿಯೇ ಇದೆ."

"ಮತ್ತೆ?"

"ಇನ್ನು ಮೇಲೆ ನನ್ನ ಕೊಡವೂ ದಿನಾ ಬರುತ್ತದೆ. ಬಾರದಿದ್ದ ದಿನ ಒಮ್ಮೆ ಬಂದು ನೋಡಿ."

ಚೌಡಮ್ಮ ಹಗ್ಗವನ್ನು ಅವರ ಕೈಗಿತ್ತರು. ಸೇದಿ ಅಭ್ಯಾಸವಿಲ್ಲದ ಕೈ; ನೀರು ಅರ್ಧಕ್ಕರ್ಧ ಚೆಲ್ಲಿತು. ಉಳಿದ ಅರ್ಧ ಕೊಡವನ್ನು ಅಂಬುಜಾಕ್ಷಿ ಜೋಪಾನವಾಗಿ ಮನೆಗೆ ಒಯ್ದರು.

ನೀತಿ: ಸ್ವಾವಲಂಬನೆ ಒಳ್ಳೆಯ ಗುಣವೇ. ಆದರೆ ನೆರೆಯವರಿಂದ ಏನನ್ನೂ ಪಡೆಯದವರು ಅವರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಮನೆಯಲ್ಲಿ ಎಲ್ಲವೂ ಇದ್ದಾಗಲೂ ಒಂದು ಕೊಡದಷ್ಟು ಅಗತ್ಯವನ್ನು ಇನ್ನೊಬ್ಬರ ಅಂಗಳಕ್ಕೆ ಬಿಟ್ಟಿರಬೇಕು.