ಎಂಜಿನ್ನಿನ ಮೆಟ್ಟಿಲು

"ಗುರುಗಳೇ, ಮಾಡಿದ ಕೆಲಸದ ಮೇಲೆ ಹೆಮ್ಮೆ ಪಡುವುದು ತಪ್ಪೇ?" ಎಂದು ಶಾಂತಮಲ್ಲ ಕೇಳಿದ.

ಮಠದಲ್ಲಿ ಬೆಳಗಿನ ಹಾಡು ಕಲಿಸುವವನು ಅವನು. ಅವನು ಕೂರಿಸಿದ ಸಾಲು ಹಾಡತೊಡಗಿದರೆ ಎಲ್ಲರ ಗಂಟಲೂ ಒಂದೇ ಗಂಟಲಾಗುತ್ತಿತ್ತು. ಆ ದಿನ ಬೆಳಿಗ್ಗೆ, ಹೊಸದಾಗಿ ಬಂದು ಕೂತಿದ್ದ ಒಬ್ಬ ಮುದುಕ ನೇಕಾರನಿಗೆ ಹಾಡಿನ ನಡುವೆ ಉಸಿರು ಕಟ್ಟಿತು. "ಇದು ನಿಮ್ಮಿಂದ ಆಗೋದಲ್ಲ ಯಜಮಾನ್ರೇ" ಎಂದು ಶಾಂತಮಲ್ಲ ಅವನನ್ನು ಎಬ್ಬಿಸಿ ಕಳಿಸಿದ್ದ. ಗುರುಗಳು ಒಳಗಿನಿಂದಲೇ ಅದನ್ನು ಕೇಳಿಸಿಕೊಂಡಿದ್ದರು.

"ಕೂತುಕೋ" ಎಂದರು ಗುರುಗಳು. "ತಪ್ಪೋ ಸರಿಯೋ ಆಮೇಲೆ ನೋಡೋಣ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದೂರಿನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಹೊಟ್ಟೆಪಾಡಿಗೆ ಓಲೆ, ಮೂಗುಬೊಟ್ಟು ಮಾಡುತ್ತಿದ್ದ. ಅವನ ಜೀವ ಮಾತ್ರ ರೈಲಿನಲ್ಲಿತ್ತು. ಅಂಗೈ ಮೇಲೆ ನಿಲ್ಲುವಂಥ ರೈಲು. ಆಟಿಕೆಯಲ್ಲ, ಮತ್ತೆ! ಆಟಿಕೆ ಎಂದವರ ಜೊತೆ ಅವನು ಮಾತು ಬಿಡುತ್ತಿದ್ದ. ನಿಜವಾದ ರೈಲಿನ ಅಳತೆ ಹಿಡಿದು, ಅದನ್ನು ಕುಗ್ಗಿಸಿ, ಹಿತ್ತಾಳೆ ತಗಡು ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಕಡಲೆಕಾಯಿ ಗಾತ್ರದ ಮೋಟಾರು ಕೂರಿಸಿ ಮಾಡುವಂಥದ್ದು.

ಊರಿನಲ್ಲಿ ಇದೇ ಹುಚ್ಚಿನವರು ಇನ್ನೂ ಕೆಲವರಿದ್ದರು. ಎಲ್ಲರೂ ಸೇರಿ ಒಂದು ಹಳೆಯ ಗೋದಾಮು ಹಿಡಿದರು. ಅದರ ಉದ್ದಕ್ಕೂ ಹಲಗೆ ಹಾಸಿ, ಹಳಿ ಹಾಕಿ, ಸ್ಟೇಷನ್ನು, ಸೇತುವೆ ಕಟ್ಟಿದರು. ಮೂಲೆಯಲ್ಲಿ ಅಕ್ಕಸಾಲಿ ಒಂದು ಗುಡ್ಡ ಮಾಡಿದ. ಗೋಣಿತಟ್ಟಿನ ಮೇಲೆ ಗಾರೆ ಮೆತ್ತಿ, ಒಣಹುಲ್ಲಿಗೆ ಬಣ್ಣ ಕಟ್ಟಿ, ಕಾಡು ಎಬ್ಬಿಸಿದ. ವರ್ಷಕ್ಕೊಮ್ಮೆ ನೋಡಲು ಬರುವ ಜನ ಆ ಗುಡ್ಡದ ಮುಂದೆಯೇ ಠಿಕಾಣಿ ಹೂಡುತ್ತಿದ್ದರು.

ಗುಡ್ಡ ದೊಡ್ಡದಾಯಿತು, ಅದನ್ನು ಸುತ್ತುವ ಹಳಿಗೆ ಜಾಗ ಸಾಲದೆ ಹೋಯಿತು. ತಿರುವು ಬಹಳ ಇಕ್ಕಟ್ಟು. ಎಂಜಿನ್ನಿನ ಹಿಂಬದಿಯ ಪುಟ್ಟ ಗಾಲಿಗಳು ಅಲ್ಲಿ ತೀರ ಪಕ್ಕಕ್ಕೆ ಸರಿದು, ಡ್ರೈವರು ಹತ್ತುವ ಮೆಟ್ಟಿಲಿಗೆ ತಾಗುತ್ತಿದ್ದವು. ತಾಗಿದರೆ ಎಂಜಿನ್ನು ಹಳಿ ತಪ್ಪಿತೆಂದೇ ಲೆಕ್ಕ. ಅದಕ್ಕೆ ಅಕ್ಕಸಾಲಿ ಒಂದು ಮದ್ದು ಕಂಡುಹಿಡಿದ. ಬಾಗಿಲ ಪಕ್ಕದ ಮೊಳೆಗೆ ಲೋಹ ಉಜ್ಜುವ ಅರವೊಂದನ್ನು ತೂಗುಹಾಕಿದ. ಯಾರೇ ಹೊಸ ಎಂಜಿನ್ನು ತರಲಿ, ಮೊದಲು ಅದರ ಮೆಟ್ಟಿಲನ್ನು ಉಜ್ಜಿ ತೆಗೆಯಬೇಕು, ಆಮೇಲೆ ಹಳಿಗೆ ಇಡಬೇಕು. ಎಲ್ಲರೂ ಉಜ್ಜಿದರು. ಗುಡ್ಡ ಅಷ್ಟು ಚೆನ್ನಾಗಿತ್ತಲ್ಲ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಒಬ್ಬಳು ಮಾತ್ರ ಕೇಳಿದಳು. ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಹೆಣ್ಣುಮಗಳು ಅವಳು. ತಾನೇ ಮಾಡಿದ ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಅಕ್ಕಸಾಲಿ ಅರ ಕೊಟ್ಟರೆ ಅವಳು ಅದನ್ನು ಹಾಗೆಯೇ ಹಿಂದಕ್ಕೆ ಕೊಟ್ಟಳು.

"ಮೆಟ್ಟಿಲು ತೆಗೆದ್ರೆ ಡ್ರೈವರು ಎಲ್ಲಿಂದ ಹತ್ತಬೇಕು ಆಚಾರ್ರೇ?"

"ನೋಡಮ್ಮ, ಗುಡ್ಡ ನಿನಗೋಸ್ಕರ ಜರುಗಲ್ಲ. ಓಡಿಸ್ತೀಯಾ, ಉಜ್ಜು. ಉಜ್ಜಲ್ವಾ, ಮನೆಗೆ ತಗೊಂಡ್ಹೋಗಿ ಇಟ್ಕೋ."

ಅವಳು ಎಂಜಿನ್ನನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡಳು. ಆಮೇಲೆ ಗೋದಾಮಿನ ಕಡೆ ತಲೆ ಹಾಕಲಿಲ್ಲ.

ವರ್ಷಗಳು ಕಳೆದವು. ಕಣ್ಣು ಮಂಜಾಗುವ ಮೊದಲು ಒಂದು ದೊಡ್ಡ ಕೆಲಸ ಮಾಡಿಬಿಡಬೇಕು ಎಂದು ಅಕ್ಕಸಾಲಿಗೆ ಆಸೆಯಾಯಿತು. ಸ್ಟೇಷನ್ನಿನ ಮುಂದೆ ಕಟ್ಟೆಯ ಮೇಲೆ ಒಂದು ಹಳೆಯ ಉಗಿ ಎಂಜಿನ್ನನ್ನು ನಿಲ್ಲಿಸಿದ್ದರು. ಅದರ ಬಳಿ ಹೋಗಿ ಒಂದೊಂದು ರಿವೆಟ್ಟನ್ನೂ ಅಳೆದುಕೊಂಡ. ಡ್ರೈವರು ಹತ್ತುವ ಮೆಟ್ಟಿಲಿಗೆ ಕೈ ಹಚ್ಚಿದಾಗ ಅವನ ಎದೆ ಝಲ್ಲೆಂದಿತು. ಅಷ್ಟು ಗಟ್ಟಿ ಕಬ್ಬಿಣ ನಡುವೆ ಸವೆದು ತಗ್ಗಾಗಿತ್ತು. ಎಷ್ಟು ಜನರ ಕಾಲು ತುಳಿದಿರಬೇಕು! ಈ ತಗ್ಗು ನನ್ನ ಎಂಜಿನ್ನಿನಲ್ಲೂ ಬರಬೇಕು ಎಂದುಕೊಂಡ.

ಬಂತು. ಅಕ್ಕಿಕಾಳಿನಷ್ಟು ಅಗಲದ ಮೆಟ್ಟಿಲಿನಲ್ಲಿ ಆ ತಗ್ಗು ಬಂತು. ಎಂಜಿನ್ನಿಗೆ ಕಪ್ಪು ಬಳಿದು ಹೊಳಪು ಕೊಟ್ಟ ಮೇಲೆ, ಅವನು ದೀಪದ ಮಸಿ, ಇಟ್ಟಿಗೆ ಪುಡಿ, ಹಳೆಯ ಎಣ್ಣೆ ಮುಂದಿಟ್ಟುಕೊಂಡು ಕೂತ. ಹೊಗೆಕೊಳವೆಯ ಸುತ್ತ ಮಸಿ ಕೂರಿಸಿದ. ಗಾಲಿಗಳಿಗೆ ಹಳಿಯ ಕೆಂಧೂಳು ಹಿಡಿಸಿದ. ನೀರು ಸೋರುವ ಕಡೆ ಬಿಳಿ ಗೀರು ಎಳೆದ. ಡ್ರೈವರು ಕೈಯಿಟ್ಟು ಹತ್ತುವ ಸರಳಿನಲ್ಲಿ ಮಾತ್ರ ಬಣ್ಣ ಕೆರೆದು ಲೋಹವನ್ನು ಹೊಳೆಯಲು ಬಿಟ್ಟ.

ಹೆಂಡತಿ ನೋಡಿ ಗಾಬರಿಯಾದಳು. "ಅಯ್ಯೋ, ಮದುಮಗನ ಹಾಗೆ ಸಿಂಗಾರ ಮಾಡಿ ಈಗ ಕೊಳೆ ಮೆತ್ತುತಾ ಇದ್ದೀರಲ್ರೀ!"

"ಕೊಳೆ ಅಲ್ಲ ಕಣೇ ಅದು. ದುಡಿಮೆ."

ಹಾಗೆಂದು ಎದೆಯುಬ್ಬಿಸಿದ. ಎಂಥ ಹೆಮ್ಮೆ ಅಂತೀ! ಆ ದಿನಗಳಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಜನ ನೋಡಲು ಬರುವ ದಿನ ಹತ್ತಿರವಾಯಿತು. ಅಕ್ಕಸಾಲಿ ಎಂಜಿನ್ನನ್ನು ತಂದು ಹಳಿಗೆ ಇಟ್ಟ. ಗೂಡ್ಸ್ ಡಬ್ಬಿಗಳನ್ನು ಎಳೆದುಕೊಂಡು ಅದು ಸ್ಟೇಷನ್ನು ದಾಟಿತು, ಸೇತುವೆ ದಾಟಿತು, ಗುಡ್ಡದ ತಿರುವಿಗೆ ಬಂತು. ಹಿಂದಿನ ಗಾಲಿ ಮೆಟ್ಟಿಲಿಗೆ ತಾಗಿತು. ಎಂಜಿನ್ನು ಹಳಿ ತಪ್ಪಿ ಪಕ್ಕಕ್ಕೆ ವಾಲಿತು. ಕಂಡವರ ಕೈಗೆಲ್ಲ ಅರ ಕೊಟ್ಟವನಿಗೆ ತನ್ನದರ ಸರದಿ ಬಂದಾಗ ಅದು ನೆನಪೇ ಆಗಿರಲಿಲ್ಲ. ಮೋಹ ಎಂದರೆ ಹಾಗೆಯೇ.

ಯಾರೂ ನಗಲಿಲ್ಲ. ಒಬ್ಬ ಎದ್ದು ಹೋಗಿ ಮೊಳೆಯಿಂದ ಅರ ತೆಗೆದು ತಂದು ಅವನ ಕೈಗಿಟ್ಟ. ಅಕ್ಕಸಾಲಿ ಅದನ್ನು ಮೆಟ್ಟಿಲಿಗೆ ಆನಿಸಿದ. ಕೈ ಆಡಲಿಲ್ಲ. ಡ್ರೈವರು ಎಲ್ಲಿಂದ ಹತ್ತಬೇಕು ಎಂಬ ಮಾತು ಅವನ ಬಾಯಿಗೆ ಬಂತು. ಬಂದ ಮೇಲೆ, ಅದು ಯಾರ ಮಾತು ಎಂಬುದೂ ನೆನಪಾಯಿತು. ನಾಚಿಕೆಯಿಂದ ಅವನ ಮುಖ ಸುಟ್ಟ ಹಾಗಾಯಿತು.

ಉಜ್ಜಿದರೆ ಬಾಳಿನ ಕೆಲಸ ಹಾಳು. ಉಜ್ಜದಿದ್ದರೆ ಗುಡ್ಡ ಹೋಗಬೇಕು. ಗುಡ್ಡ ಹೋದರೆ ಊರು ಏನೆನ್ನುತ್ತದೆ? ತನ್ನದಕ್ಕಾದರೆ ಗುಡ್ಡವೂ ಜರುಗಿತು ನೋಡು, ಎನ್ನುತ್ತದೆ. ಅನ್ನದೆ ಬಿಡುತ್ತದೆಯೇ?

ಅವನು ಅರ ಕೆಳಗಿಟ್ಟು ಸುತ್ತಿಗೆ ತೆಗೆದುಕೊಂಡ. ಜನ ಮೆಚ್ಚಿ ಕೊಂಡಾಡಿದ ಗುಡ್ಡದ ಅರ್ಧವನ್ನು ಕೈಯಾರೆ ಕೆಡವಿದ. ಮೊದಲ ಪೆಟ್ಟಿಗೆ ಕಣ್ಣಲ್ಲಿ ನೀರು ಬಂತು. ಆಮೇಲಿನ ಪೆಟ್ಟುಗಳಿಗೆ ಬರಲಿಲ್ಲ. ನೆರವಿಗೆ ಬಂದವರಿಗೆ ಬೇಡ ಎಂದ. ಹಳಿಯನ್ನು ಅಗಲವಾಗಿ ಸುತ್ತಿಸಿ ಹಾಕಿದ. ಆದರೆ ತನ್ನ ಎಂಜಿನ್ನನ್ನು ಅದರ ಮೇಲೆ ಇಡಲಿಲ್ಲ. ಗಾರೆ ಮೆತ್ತಿದ ಕೈಯಲ್ಲೇ ಗಡಿಯಾರದ ಅಂಗಡಿಗೆ ನಡೆದ.

"ನಿನ್ನ ಎಂಜಿನ್ ತಗೊಂಡ್ ಬಾ ತಾಯಿ. ಮೊದಲು ಅದು ಓಡ್ಲಿ."

"ಗುಡ್ಡ ಜರುಗಲ್ಲ ಅಂದಿದ್ರಲ್ಲ?"

"ಜರುಗಿಸಿದೀನಿ. ಬಂದು ನೋಡು."

ಅವಳು ಮೇಲಿನ ಹಲಗೆಯಿಂದ ಎಂಜಿನ್ನನ್ನು ಇಳಿಸಿದಳು. ಅದರ ಮೇಲಿನ ಧೂಳು ಕಂಡು ಅಕ್ಕಸಾಲಿ ಬೆರಗಾದ. ಬೆನ್ನ ಮೇಲೆ ದಟ್ಟ, ಕೆಳಗಿಳಿದಂತೆ ತೆಳು. ತನ್ನ ಮಸಿ, ಇಟ್ಟಿಗೆ ಪುಡಿ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಆಹಾ! ಈ ಧೂಳು ಯಾವುದರಿಂದ ಮಾಡ್ದೆಯಮ್ಮ?"

"ನಾನು ಮಾಡಿದ್ದಲ್ಲ ಆಚಾರ್ರೇ. ನೀವು ವಾಪಸ್ ಕಳಿಸಿದ ಮೇಲೆ ಕೂತದ್ದು. ಒರೆಸೋಕೆ ಮನಸ್ಸಾಗ್ಲಿಲ್ಲ. ಗಾಲಿಗೆ ಎಣ್ಣೆ ಮಾತ್ರ ಬಿಡ್ತಾ ಇದ್ದೆ."

ಅಕ್ಕಸಾಲಿ ಹೆಗಲ ಮೇಲಿನ ವಸ್ತ್ರ ತೆಗೆದು ಒರೆಸಲು ಹೋದ. ಅವಳು ತಡೆದಳು. "ಇರ್ಲಿ ಬಿಡಿ. ಓಡ್ತಾ ಓಡ್ತಾ ಉದುರುತ್ತೆ."

ಜನ ಬಂದರು. ಗುಡ್ಡ ಅರ್ಧವಾಗಿ, ಗೋಣಿತಟ್ಟು ಹೊರಗೆ ಕಾಣುತ್ತಿತ್ತು. ಆ ಮುರುಕು ಗುಡ್ಡದ ಸುತ್ತ ಮೊದಲು ಅವಳ ಎಂಜಿನ್ನು ಮೆಟ್ಟಿಲ ಸಮೇತ ಓಡಿತು. ಅದರ ಹಿಂದೆ ಅಕ್ಕಸಾಲಿಯದು ಓಡಿತು. ಗುಡ್ಡಕ್ಕೆ ಏನಾಯಿತು ಎಂದು ಕೇಳಿದವರಿಗೆಲ್ಲ ಅವನು, "ನಾನೇ ಕೆಡವಿದ್ದು!" ಎಂದು ಎದೆಯುಬ್ಬಿಸಿ ಹೇಳಿದ. ಗುಡ್ಡ ಕಟ್ಟಿದಾಗಲೂ ಅಷ್ಟು ಹೆಮ್ಮೆಯಿಂದ ಹೇಳಿರಲಿಲ್ಲ. ಉಳಿದವರು ಅದೇ ಅರ ತೆಗೆದುಕೊಂಡು ತಮ್ಮ ಎಂಜಿನ್ನುಗಳಿಗೆ ಹೊಸ ಮೆಟ್ಟಿಲು ಮಾಡಲು ಕೂತರು.

ಗುರುಗಳು ಕತೆ ನಿಲ್ಲಿಸಿದರು. ಶಾಂತಮಲ್ಲನ ಮುಖ ಅರಳಿತ್ತು.

"ಹಾಗಾದರೆ ಹೆಮ್ಮೆ ತಪ್ಪಲ್ಲ ಎಂದಂತಾಯಿತು ಗುರುಗಳೇ!"

"ಅದಿರಲಿ, ಬೆಳಿಗ್ಗೆ ನೀನು ಎಬ್ಬಿಸಿ ಕಳಿಸಿದೆಯಲ್ಲ, ಆ ನೇಕಾರರ ಮನೆ ಯಾವ ಬೀದಿಯಲ್ಲಿದೆ, ಗೊತ್ತೇನು?"