ಸೇನಾಪತಿ ಸತ್ತ ಮರುದಿನ

"ಗುರುಗಳೇ, ಕಾಡಿದ ದೊರೆ ಸತ್ತರೆ ಜನ ಹಿಗ್ಗುತ್ತಾರೆ. ಮರುದಿನವೇ ಅವನ ಮಗನಿಗೆ ಕೈಮುಗಿಯುತ್ತಾರೆ. ಹೀಗೇಕೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಆಫ್ರಿಕದ ಪಡುಗಡಲ ತೀರದಲ್ಲಿ ಒಂದು ಸಣ್ಣ ದೇಶವಿತ್ತು. ಅಲ್ಲಿನ ಸೇನಾಪತಿ ಅಧ್ಯಕ್ಷನನ್ನು ಕೊಲ್ಲಿಸಿ ತಾನೇ ಪಟ್ಟವೇರಿದ. ಅವನ ಆಳಿಕೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಕ್ಕಳಾದರೂ ಅವನು ಇಳಿಯಲಿಲ್ಲ. ಎದುರಾಡಿದವರು ಸೆರೆಮನೆ ಸೇರಿದರು. ಕೆಲವರ ಹೆಣಗಳು ಹಿನ್ನೀರಿನಲ್ಲಿ ತೇಲಿದವು. ಎಸಿನಾಮ್ ಎಂಬ ಮೀನು ಮಾರುವ ಹೆಂಗಸಿನ ಗಂಡ ಸತ್ತದ್ದೂ ಹಾಗೆಯೇ.

ಅವಳ ಊರಿನಲ್ಲಿ ಅಗ್ಬೆಕೊ ಎಂಬುವನು ದೋಣಿಗಾರರ ಯಜಮಾನನಾಗಿದ್ದ. ಸೇನಾಪತಿಗೆ ತಲೆಬಾಗದ ತಪ್ಪಿಗೆ ಸೈನಿಕರು ಅವನ ಕಾಲು ಮುರಿದಿದ್ದರು. ಊರುಗೋಲು ಹಿಡಿದು ನಡೆದನೇ ಹೊರತು ಅವನು ಬಾಯಿ ಮುಚ್ಚಲಿಲ್ಲ. ಜನ ಅವನನ್ನು ನಂಬಿದ್ದರು.

ಕೊನೆಗೆ ಸೇನಾಪತಿ ಸತ್ತ. ಕಾನೂನಿನಂತೆ ಅಧಿಕಾರ ಶಾಸನಸಭೆಯ ಸಭಾಪತಿಗೆ ಹೋಗಬೇಕಿತ್ತು. ಅವನು ಪರದೇಶದಲ್ಲಿದ್ದ. ಅವನು ಮರಳದಂತೆ ಸೈನ್ಯ ಗಡಿಗಳನ್ನು ಮುಚ್ಚಿತು; ಸಂಜೆಯೊಳಗೆ ಸೇನಾಪತಿಯ ಮಗನಿಗೆ ಪಟ್ಟ ಕಟ್ಟಿತು. ರೇಡಿಯೊದಲ್ಲಿ ಸುದ್ದಿ ಕೇಳಿದ ಅಗ್ಬೆಕೊ ಕುಳಿತಲ್ಲೇ ಕಲ್ಲಾದ. ಇಷ್ಟು ವರ್ಷ ಅವನು ಕಾದದ್ದು ಆ ಒಂದು ಸಾವಿಗೆ. ಅದು ಬಂದೂ ಏನೂ ಆಗಲಿಲ್ಲ.

ಬೆಳಿಗ್ಗೆ ಅವನು ದೋಣಿಗಾರರ ಸಭೆ ಕರೆದ. ದೇಶವೇನು ಅಪ್ಪ ಮಗನಿಗೆ ಬಿಟ್ಟುಹೋಗುವ ದೋಣಿಯೇ ಎಂದು ಕೇಳಿದ. ಜನ ರೊಚ್ಚಿಗೆದ್ದರು. ಎಲ್ಲರೂ ರಾಜಧಾನಿಗೆ ನಡೆದು ಹೋಗಿ ಪ್ರತಿಭಟಿಸುವುದೆಂದು ನಿಶ್ಚಯವಾಯಿತು. ತನ್ನ ಕಾಲು ಅಷ್ಟು ದೂರ ಬಾರದು ಎಂದು ಅಗ್ಬೆಕೊ ತಿಳಿಸಿದ.

"ನನ್ನ ಬದಲು ನನ್ನ ಮಗ ನಿಮ್ಮ ಮುಂದೆ ನಡೆಯುತ್ತಾನೆ" ಎಂದ.

ಜನ ಒಪ್ಪಿ ತಲೆಯಾಡಿಸಿದರು. ಮಗ ಆಗಲೇ ಎದ್ದು ನಿಂತಿದ್ದ.

ಎಸಿನಾಮ್ ಮೆಲ್ಲನೆ ಕೇಳಿದಳು: "ಯಜಮಾನರೇ, ನಿಮ್ಮ ಮಗನೇ ಯಾಕೆ?"

ಅಗ್ಬೆಕೊನಿಗೆ ಎದೆಗೆ ಒದ್ದಂತಾಯಿತು. ಅವನು ಮಗನ ಮುಖ ನೋಡಿದ. ಜನರ ಮುಖ ನೋಡಿದ. ಹೊತ್ತು ಮೀರುತ್ತಿದೆ ಎಂದು ಯಾರೋ ಹೇಳಿದರು. ಜನ ಹೊರಟರು. ಮುಂದೆ ಮಗನೇ ನಡೆದ.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ದಿಗಿಲಾಯಿತು. "ಅವಳ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲವೆ?" ಎಂದ.

"ಎಲ್ಲರೂ ಕೇಳಿಸಿಕೊಂಡರು, ಮುಂದಿನ ಸಭೆಗೆ ಅವಳನ್ನು ಕರೆಯಲಿಲ್ಲ" ಎಂದರು ಗುರು.