ರಾಜನ ಬಲಗೆನ್ನೆಗೆ ಹೆಣ್ಣು ನೋಡಿದ್ದು

ಒಂದಾನೊಂದು ಊರಿನಲ್ಲಿ ಒಂದು ಪುಟ್ಟ ಕಂಪನಿ ಇತ್ತು. ಹೆಸರು ಕೆನ್ನೆ ಕಂಪನಿ. ಅದರಲ್ಲಿ ಇದ್ದವರು ಚಂಪಕ್ಕ ಮತ್ತು ಅವಳ ತಮ್ಮ ಗುರುಪಾದ, ಅಷ್ಟೇ. ಲೋಳೆಸರ, ಜೇನುಮೇಣ, ದಾಳಿಂಬೆ ಬೀಜದ ಎಣ್ಣೆ ಸೇರಿಸಿ ಮುಪ್ಪು ಓಡಿಸುವ ಲೇಪ ಮಾಡುತ್ತಿದ್ದರು. ಹೂಂ ಅನ್ನಿ, ಇಲ್ಲದಿದ್ದರೆ ನಾನು ಮುಂದೆ ಹೇಳೋದಿಲ್ಲ.

ಆ ಊರಿನ ರಾಜ ಜಟ್ಟಿರಾಯ. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಹಣೆಯ ಗೆರೆ ಕಂಡ. ಸಿಟ್ಟು ನೆತ್ತಿಗೇರಿತು. ಊರಿನಲ್ಲಿ ಯಾರೂ ಗೆರೆ ಎಳೆಯಕೂಡದು ಎಂದು ಡಂಗುರ ಸಾರಿಸಿದ. ಹೆಂಗಸರು ರಂಗೋಲಿಗೆ ಬರೀ ಚುಕ್ಕಿ ಇಟ್ಟು ಒಳಗೆ ಹೋದರು. ಅಳಿಲುಗಳು ಬೆನ್ನು ಮುಚ್ಚಿಕೊಂಡು ಓಡಾಡಿದವು. ಆದರೂ ಹಣೆಯ ಗೆರೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕೆನ್ನೆ ಕಂಪನಿಗೆ ಕರೆ ಹೋಯಿತು.

"ಮೊದಲು ಅರ್ಧ ಮುಖಕ್ಕೆ ಮಾತ್ರ ಹಚ್ಚೋದು ಸ್ವಾಮಿ," ಎಂದಳು ಚಂಪಕ್ಕ. "ಇನ್ನರ್ಧ ಹಾಗೇ ಇರಬೇಕು. ಇಲ್ದಿದ್ರೆ ಗುಣ ಬಂದಿದ್ದು ಲೇಪದಿಂದಲೋ ನಿಮ್ಮ ಪುಣ್ಯದಿಂದಲೋ ಗೊತ್ತಾಗೋದು ಹೇಗೆ? ಇದು ವಿಜ್ಞಾನ."

ಬಲಕ್ಕೆ ಹಚ್ಚಿದರು. ಬಲಭಾಗ ಇಪ್ಪತ್ತರ ಹುಡುಗನಾಯಿತು. ಮೀಸೆ ಅರ್ಧ ಕಪ್ಪು, ಅರ್ಧ ಬಿಳಿ. ರಾಜ ಕುಣಿದಾಡಿದ. ಅಷ್ಟರಲ್ಲಿ ರಾಣಿ ಹೊನ್ನಾಂಬೆ ಮಜ್ಜಿಗೆ ತಂದಳು. ರಾಜನ ಎಡಬಾಯಿ, "ಬಾ ಹೊನ್ನಿ," ಅಂದಿತು. ಬಲಬಾಯಿ, "ಯಾರೀ ಅಜ್ಜಿ?" ಅಂದಿತು.

ರಾಣಿಯ ಕೈಯಿಂದ ಲೋಟ ಬಿತ್ತು. ಇಪ್ಪತ್ತಕ್ಕೆ ರಾಜನಿಗೆ ಮದುವೆಯೇ ಆಗಿರಲಿಲ್ಲ ನೋಡಿ. ಗಂಡನ ಅರ್ಧಭಾಗಕ್ಕೆ ಅವಳು ಯಾರೂ ಅಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

"ಇನ್ನೊಂದ್ಸಲ ಮದುವೆ ಮಾಡಿಸಿದ್ರಾಯ್ತು, ಅದಕ್ಯಾಕೆ ಅಳ್ತೀರಿ," ಎಂದ ಗುರುಪಾದ.

ಹಾಗಾದರೆ ಹೆಣ್ಣೂ ಚಿಕ್ಕದಾಗಬೇಕಲ್ಲ? ಎದುರುಬದುರು ಕೂತರೆ ರಾಜನ ಬಲಗೆನ್ನೆಗೆ ರಾಣಿಯ ಎಡಗೆನ್ನೆ ಎದುರಾಗುತ್ತದೆ. ಚಂಪಕ್ಕ ಯೋಚಿಸಿ ರಾಣಿಯ ಎಡಕ್ಕೇ ಹಚ್ಚಿದಳು. ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಗಂಡಿನ ಕಡೆ ಹಿರಿಯರು ಯಾರು? ರಾಜನ ಎಡಗೆನ್ನೆ. ಹೆಣ್ಣಿನ ಕಡೆ? ರಾಣಿಯ ಬಲಗೆನ್ನೆ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಬಂತು.

ಗಂಡು ಕೆನ್ನೆ, "ನಂಗೆ ಒಪ್ಪಿಗೆ," ಎಂದಿತು.

ಹೆಣ್ಣು ಕೆನ್ನೆ, "ನಂಗೆ ಒಪ್ಪಿಗೆ ಇಲ್ಲ," ಎಂದಿತು.

"ಅಯ್ಯೋ, ಯಾಕಮ್ಮ?" ಎಂದಿತು ರಾಜನ ಎಡಗೆನ್ನೆ.

"ನನ್ನನ್ನ ಯಾರು ಕೇಳಿದ್ರಿ?"

ರಾಣಿಯ ಮುದಿಗೆನ್ನೆ ಮೆಲ್ಲಗೆ ಹೇಳಿತು: "ಹೌದು. ಆಗಲೂ ಯಾರೂ ಕೇಳಿರಲಿಲ್ಲ."

ರಾಜನ ಎಡಗಣ್ಣು ತುಂಬಿ ಬಂತು. ಅದನ್ನು ನೋಡಿ ಬಲಗಣ್ಣೂ ತುಂಬಿತು. ರಾಜ ಸಿಂಹಾಸನದಿಂದ ಇಳಿದು ನೆಲದ ಮೇಲೆ ಕೂತ. ಬಾಯಿಯ ಎರಡೂ ಭಾಗ ಸೇರಿ ಕೇಳಿದವು: "ಹೊನ್ನಿ, ಇಷ್ಟು ವರ್ಷ ಕೇಳದೇ ಇದ್ದುಬಿಟ್ಟೆ. ನನ್ನ ಜೊತೆ ಇರ್ತೀಯಾ?"

ರಾಣಿ ನಕ್ಕಳು. ನಗು ಮುದಿಗೆನ್ನೆಯಲ್ಲಿ ಹುಟ್ಟಿತು, ಮೂಗು ಹತ್ತಿ ಇಳಿದು ಎಳೆಗೆನ್ನೆಗೆ ಬಂತು.

"ಇರ್ತೀನಿ," ಅಂದಳು, ಪೂರ್ತಿ ಬಾಯಿಂದ.

ನಕ್ಕಿದ್ದೇ ತಡ, ಎಳೆಯ ಕಣ್ಣಿನ ಮೂಲೆಯಲ್ಲಿ ಸಣ್ಣದೊಂದು ಸುಕ್ಕು ಬಿತ್ತು. ಲೇಪ ಸೋತುಹೋಯಿತು! ಅಕ್ಕ ತಮ್ಮ ಹೆದರಿ ಬಾಗಿಲ ಕಡೆ ಸರಿದರು. ರಾಜ ಇಬ್ಬರ ಕೈಯನ್ನೂ ಕಣ್ಣಿಗೊತ್ತಿಕೊಂಡ.

"ನಿಮ್ಮ ಋಣ ಈ ಜನ್ಮದಲ್ಲಿ ತೀರಲ್ಲ ಕಣ್ರಪ್ಪ," ಅಂದ. "ಅವಳ ಮುಖದ ಸುಕ್ಕೆಲ್ಲ ನಾನು ನೋಡದೇ ಇದ್ದಾಗ ಬಂದವು. ಇದೊಂದು ಬರೋದನ್ನ ಕಣ್ತುಂಬ ನೋಡಿದೆ."

ಇದರ ನೀತಿ ಏನಪ್ಪಾ ಅಂದರೆ, ಲೇಪ ಹಚ್ಚುವಾಗ ಮೂಗಿನ ಮಧ್ಯಕ್ಕೆ ನಿಲ್ಲಿಸಿ. ಅವರು ಅಲ್ಲಿ ನಕ್ಕು ನಕ್ಕು ಸರಿಸಮ ಮುದುಕರಾದರು. ನಾವು ಇಲ್ಲಿ ಹೂಂಗುಟ್ಟುತ್ತಾ ಚೆನ್ನಾಗಿದ್ದೇವೆ.